2147483647: ಒಂದು ಅವಿಭಾಜ್ಯ ಸಂಖ್ಯೆ, ಎರಡು ಬಗೆಯ ಖ್ಯಾತಿ

ಕೆಲವು ವರ್ಷಗಳ ಹಿಂದೆ ಒಂದು ಸಮೀಕ್ಷೆಯ ತಂಡದಲ್ಲಿ ಕೆಲಸ ಮಾಡುತ್ತಿದ್ದೆ. ಹಗಲಿಡೀ ಹಳ್ಳಿಗಳಲ್ಲಿ ಜನರನ್ನು ಮಾತಾಡಿಸಿ ಹೆಸರು, ವಯಸ್ಸು, ಮೊಬೈಲ್ ನಂಬರ್ ಬರೆದುಕೊಳ್ಳುವುದು, ಸಂಜೆ ಅದನ್ನೆಲ್ಲ ಕಂಪ್ಯೂಟರಿಗೆ ಏರಿಸುವುದು ನಮ್ಮ ಕೆಲಸ. ವಾರ ಕಳೆದು ಪಟ್ಟಿ ತೆರೆದು ನೋಡಿದರೆ ಎಲ್ಲರ ಮೊಬೈಲ್ ನಂಬರೂ ಒಂದೇ ಆಗಿತ್ತು: 2147483647. ಡೇಟಾ ಎಂಟ್ರಿ ಮಾಡುತ್ತಿದ್ದ ಹುಡುಗ ಸೋಮಾರಿತನಕ್ಕೆ ಒಂದೇ ನಂಬರನ್ನು ತುಂಬಿಬಿಟ್ಟಿದ್ದಾನೆ ಎಂದು ಎಲ್ಲರೂ ಅವನನ್ನು ಬೈದರು. ಅವನ ತಪ್ಪೇನೂ ಇರಲಿಲ್ಲ. ಅವನು ಪ್ರತಿಯೊಬ್ಬರ ನಂಬರನ್ನೂ ಸರಿಯಾಗಿಯೇ ಟೈಪ್ ಮಾಡಿದ್ದ.

ಹಾಗಾದರೆ ಈ 2147483647 ಎಲ್ಲಿಂದ ಬಂತು? ಇದು ಗಣಿತಜ್ಞರಿಗೆ 250 ವರ್ಷಗಳಿಂದ ಪರಿಚಿತವಾದ ಒಂದು ಅವಿಭಾಜ್ಯ ಸಂಖ್ಯೆ. ಕಂಪ್ಯೂಟರ್ ಕೆಲಸ ಮಾಡುವವರಿಗೂ ಇದು ಚೆನ್ನಾಗಿ ಗೊತ್ತು. ಈ ಎರಡು ಖ್ಯಾತಿಗಳಿಗೆ ಏನು ಸಂಬಂಧ, ಎಲ್ಲಿ ಸಂಬಂಧವಿಲ್ಲ ಎಂಬುದನ್ನು ನೋಡೋಣ.

ಈ ಸಂಖ್ಯೆಯ ಸ್ವರೂಪ

ನಮ್ಮ ಕ್ರಮದಲ್ಲಿ ಬರೆದರೆ ಇದು 2,14,74,83,647. ಅಂದರೆ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ನೋಡಲು ಯಾವ ವಿಶೇಷವೂ ಕಾಣದು. ಆದರೆ 2ನ್ನು 31 ಸಲ ಬರೆದು ಗುಣಿಸಿ, ಬಂದ ಉತ್ತರದಿಂದ 1 ಕಳೆದರೆ ಸಿಗುವುದು ಇದೇ ಸಂಖ್ಯೆ. ಗಣಿತದ ಭಾಷೆಯಲ್ಲಿ 2³¹ − 1.

ಕಂಪ್ಯೂಟರು ಬಳಸುವ ದ್ವಿಮಾನ ಪದ್ಧತಿಯಲ್ಲಿ 0 ಮತ್ತು 1 ಎಂಬ ಎರಡೇ ಅಂಕಿಗಳಿವೆ. ಆ ಪದ್ಧತಿಯಲ್ಲಿ ಈ ಸಂಖ್ಯೆಯನ್ನು ಬರೆದರೆ ಸಾಲಾಗಿ 31 ಒಂದುಗಳು ಬರುತ್ತವೆ, ನಡುವೆ ಒಂದೂ ಸೊನ್ನೆ ಇಲ್ಲ. ನಮ್ಮ ದಶಮಾನ ಪದ್ಧತಿಯಲ್ಲಿ 9, 99, 999 ಇದ್ದಂತೆ ದ್ವಿಮಾನದಲ್ಲಿ 1, 11, 111. ಈ ‘ಎಲ್ಲವೂ ಒಂದು’ ಎಂಬ ಸ್ವರೂಪವೇ ಮುಂದಿನ ಇಡೀ ಕತೆಯ ಬೇರು.

ಮರ್ಸೆನ್ ಅವಿಭಾಜ್ಯ ಎಂದರೇನು?

1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ, 1ಕ್ಕಿಂತ ದೊಡ್ಡ ಸಂಖ್ಯೆ ಅವಿಭಾಜ್ಯ ಸಂಖ್ಯೆ ಎಂದು ಶಾಲೆಯಲ್ಲಿ ಓದಿದ್ದೇವೆ. 2ರ ಘಾತದಿಂದ 1 ಕಳೆದಾಗ ಸಿಗುವ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯಗಳು ಎಂದು ಹೆಸರು. 3, 7, 31, 127 ಈ ಗುಂಪಿನ ಮೊದಲ ನಾಲ್ಕು. 17ನೇ ಶತಮಾನದ ಫ್ರಾನ್ಸಿನ ಪಾದ್ರಿ ಮರೆನ್ ಮರ್ಸೆನ್ ಇವುಗಳ ಪಟ್ಟಿ ಮಾಡಿದ್ದರಿಂದ ಈ ಹೆಸರು ಬಂತು. 2147483647 ಈ ಗುಂಪಿನ ಎಂಟನೆಯದು.

ಯಾವ ಘಾತ ತೆಗೆದುಕೊಂಡರೂ ಅವಿಭಾಜ್ಯ ಸಿಗುವುದಿಲ್ಲ. ಘಾತಾಂಕವನ್ನೇ ಭಾಗಿಸಲು ಸಾಧ್ಯವಾದರೆ ಸಂಖ್ಯೆಯನ್ನೂ ಭಾಗಿಸಬಹುದು. ಉದಾಹರಣೆಗೆ 2⁶ − 1 ದ್ವಿಮಾನದಲ್ಲಿ 111111. ಇದನ್ನು ಮೂರು ಮೂರಾಗಿ ಒಡೆದರೆ 111, 111. ಹಾಗಾಗಿ ಇದು 111ರಿಂದ, ಅಂದರೆ ನಮ್ಮ 7ರಿಂದ, ಭಾಗವಾಗಲೇಬೇಕು. ನಿಜಕ್ಕೂ 63 = 7 × 9. ಆದ್ದರಿಂದ ಮರ್ಸೆನ್ ಅವಿಭಾಜ್ಯ ಬೇಕೆಂದರೆ ಘಾತಾಂಕ ಮೊದಲು ಅವಿಭಾಜ್ಯವಾಗಿರಬೇಕು.

ಅಷ್ಟಿದ್ದರೂ ಸಾಲದು. 11 ಅವಿಭಾಜ್ಯವೇ, ಆದರೆ 2¹¹ − 1 = 2047 = 23 × 89. ಹೀಗಾಗಿ 31 ಅವಿಭಾಜ್ಯ ಎಂದ ಮಾತ್ರಕ್ಕೆ 2³¹ − 1 ಅವಿಭಾಜ್ಯ ಎನ್ನಲಾಗದು. ಅದನ್ನು ಪ್ರತ್ಯೇಕವಾಗಿ ಸಾಧಿಸಬೇಕು.

ದೊಡ್ಡವರೂ ಎಡವಿದ ಪಟ್ಟಿಗಳು

ಇಟಲಿಯ ಪಿಯೆತ್ರೊ ಕತಾಲ್ಡಿ 1588ರಲ್ಲಿ 2¹⁷ − 1 ಮತ್ತು 2¹⁹ − 1 ಅವಿಭಾಜ್ಯಗಳೆಂದು ಲೆಕ್ಕ ಹಾಕಿ ತೋರಿಸಿದರು. ಅಷ್ಟಕ್ಕೇ ನಿಲ್ಲದೆ 23, 29, 31, 37 ಎಂಬ ಘಾತಾಂಕಗಳಿಗೂ ಇದು ನಿಜ ಎಂದುಬಿಟ್ಟರು. 1640ರಲ್ಲಿ ಪಿಯರ್ ಡಿ ಫರ್ಮಾ 23 ಮತ್ತು 37ರ ಮಾತು ತಪ್ಪೆಂದು ತೋರಿಸಿದರು. 2²³ − 1 ಸಂಖ್ಯೆ 47ರಿಂದಲೂ, 2³⁷ − 1 ಸಂಖ್ಯೆ 223ರಿಂದಲೂ ಭಾಗವಾಗುತ್ತವೆ. 1738ರಲ್ಲಿ ಲಿಯೊನಾರ್ಡ್ ಆಯ್ಲರ್ 29ರದ್ದೂ ತಪ್ಪೆಂದರು: 2²⁹ − 1 = 233 × 1103 × 2089. ನಾಲ್ಕರಲ್ಲಿ ಮೂರು ಬಿದ್ದುಹೋಗಿ ಉಳಿದದ್ದು 31 ಮಾತ್ರ.

1644ರ ಮರ್ಸೆನ್ ಪಟ್ಟಿಯೂ ತಪ್ಪಿನಿಂದ ಹೊರತಾಗಿರಲಿಲ್ಲ. 67 ಮತ್ತು 257 ಅದರಲ್ಲಿ ಇರಬಾರದಿತ್ತು, 61, 89, 107 ಇರಬೇಕಿತ್ತು. ದೊಡ್ಡ ಹೆಸರಿನವರು ಹೇಳಿದರೆಂಬ ಕಾರಣಕ್ಕೆ ಗಣಿತದಲ್ಲಿ ಯಾವುದೂ ನಿಜವಾಗುವುದಿಲ್ಲ ಎಂಬುದಕ್ಕೆ ಇವು ಒಳ್ಳೆಯ ಉದಾಹರಣೆಗಳು.

ಆಯ್ಲರ್ ಮಾಡಿದ್ದೇನು?

ಒಂದು ಸಂಖ್ಯೆ ಅವಿಭಾಜ್ಯವೇ ಎಂದು ನೋಡಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. 2147483647ರ ವರ್ಗಮೂಲ 46340ಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿಯವರೆಗೆ 4792 ಅವಿಭಾಜ್ಯಗಳಿವೆ. ಕೈಯಲ್ಲಿ 4792 ಭಾಗಾಕಾರ ಮಾಡುವುದು ಸಣ್ಣ ಕೆಲಸವಲ್ಲ. ಜೊತೆಗೆ ಆ ಹೊತ್ತಿಗೆ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಆಯ್ಲರ್‌ಗೆ ಕಣ್ಣು ಬಹುತೇಕ ಕಾಣುತ್ತಿರಲಿಲ್ಲ.

ಅವರು ಭಾಗಾಕಾರಕ್ಕೆ ಕೂರುವ ಮೊದಲು ಯೋಚಿಸಿದರು. 2³¹ − 1ಕ್ಕೆ ಒಂದು ಅವಿಭಾಜ್ಯ ಅಪವರ್ತನ ಇದೆ ಎಂದುಕೊಳ್ಳಿ. ಆ ಅಪವರ್ತನದಿಂದ 2, 4, 8, 16... ಎಂಬ ಸಂಖ್ಯೆಗಳನ್ನು ಭಾಗಿಸುತ್ತ ಹೋದರೆ ಶೇಷಗಳು ಗಡಿಯಾರದ ಮುಳ್ಳಿನಂತೆ ಸುತ್ತು ಹೊಡೆಯುತ್ತವೆ. 31 ಹೆಜ್ಜೆಗೆ ಶೇಷ 1ಕ್ಕೆ ಬರುತ್ತದೆ. 31 ಅವಿಭಾಜ್ಯವಾದ್ದರಿಂದ ಅದಕ್ಕಿಂತ ಚಿಕ್ಕ ಸುತ್ತು ಸಾಧ್ಯವಿಲ್ಲ. ಇನ್ನೊಂದು ಕಡೆ, ಫರ್ಮಾ ಕಂಡುಕೊಂಡ ನಿಯಮದ ಪ್ರಕಾರ ಅಪವರ್ತನಕ್ಕಿಂತ ಒಂದು ಕಡಿಮೆ ಹೆಜ್ಜೆಗಳಾದಾಗಲೂ ಶೇಷ 1 ಆಗಲೇಬೇಕು. ಎರಡೂ ನಿಜವಾಗಬೇಕಾದರೆ ಅಪವರ್ತನದಿಂದ 1 ಕಳೆದ ಸಂಖ್ಯೆ 31ರಿಂದ ಭಾಗವಾಗಬೇಕು. ಅಪವರ್ತನ ಬೆಸ ಸಂಖ್ಯೆಯಾದ್ದರಿಂದ 62ರಿಂದಲೂ ಭಾಗವಾಗಬೇಕು. ಅಂದರೆ ಪರೀಕ್ಷಿಸಬೇಕಾದದ್ದು 62ರಿಂದ ಭಾಗಿಸಿದಾಗ 1 ಉಳಿಯುವ ಸಂಖ್ಯೆಗಳನ್ನು ಮಾತ್ರ.

ಇನ್ನೊಂದು ನಿಯಮದಿಂದ ಈ ಅಪವರ್ತನವನ್ನು 8ರಿಂದ ಭಾಗಿಸಿದರೆ 1 ಅಥವಾ 7 ಉಳಿಯಬೇಕು. ಎರಡನ್ನೂ ಸೇರಿಸಿದರೆ 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವ ಸಂಖ್ಯೆಗಳಷ್ಟೇ ಉಳಿಯುತ್ತವೆ. 46340ರವರೆಗೆ ಇಂತಹವು, 1 ಮತ್ತು 63ನ್ನು ಬಿಟ್ಟರೆ, 372 ಮಾತ್ರ. ಅವುಗಳಲ್ಲೂ 249, 497 ಮುಂತಾದವು ಅವಿಭಾಜ್ಯಗಳಲ್ಲವಾದ್ದರಿಂದ ಬಿಟ್ಟುಬಿಡಬಹುದು. ಮೊದಲು ಭಾಗಿಸಿ ನೋಡಬೇಕಾದದ್ದು 311ರಿಂದ. ಶೇಷ 35 ಬರುತ್ತದೆ. ಹೀಗೆ ಕೊನೆಯವರೆಗೆ ಹೋದರೂ ಯಾವುದೂ ನಿಶ್ಶೇಷವಾಗಿ ಭಾಗಿಸುವುದಿಲ್ಲ. 1772ರಲ್ಲಿ ಬರ್ನೂಲಿ ಮನೆತನದ ಗಣಿತಜ್ಞರೊಬ್ಬರಿಗೆ ಬರೆದ ಪತ್ರದಲ್ಲಿ ಆಯ್ಲರ್ ಈ ಫಲಿತಾಂಶ ತಿಳಿಸಿದರು. ಆಮೇಲೆ ಹಲವು ದಶಕಗಳ ಕಾಲ ಜಗತ್ತಿಗೆ ಗೊತ್ತಿದ್ದ ಅತಿದೊಡ್ಡ ಅವಿಭಾಜ್ಯ ಇದೇ ಆಗಿತ್ತು.

ಈಗ ಇದಕ್ಕಿಂತ ಸುಲಭದ ಪರೀಕ್ಷೆ ಇದೆ. ಅದಕ್ಕೆ ಲ್ಯೂಕಾ–ಲೆಹ್ಮರ್ ಪರೀಕ್ಷೆ ಎನ್ನುತ್ತಾರೆ. 4ರಿಂದ ಶುರುಮಾಡಿ, ಪ್ರತಿ ಸಲ ವರ್ಗ ಮಾಡಿ 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಬೇಕು. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಕೊನೆಗೆ 0 ಬಂದರೆ ಆ ಸಂಖ್ಯೆ ಅವಿಭಾಜ್ಯ. 2⁵ − 1 = 31ಕ್ಕೆ ಮಾಡಿ ನೋಡಿ: 4, 14, 8, 0. ಮೂರೇ ಹೆಜ್ಜೆ. ನಮ್ಮ ಸಂಖ್ಯೆಗೆ ಬೇಕಾದದ್ದು 29 ಹೆಜ್ಜೆ. ಮರ್ಸೆನ್ ಸಂಖ್ಯೆಗಳಿಗೆ ಇಂತಹ ಸರಳ ಪರೀಕ್ಷೆ ಇರುವುದರಿಂದಲೇ ದಾಖಲೆಯ ದೊಡ್ಡ ಅವಿಭಾಜ್ಯಗಳನ್ನು ಹೆಚ್ಚಾಗಿ ಇವುಗಳಲ್ಲೇ ಹುಡುಕುತ್ತಾರೆ. 2024ರ ಅಕ್ಟೋಬರಿನಲ್ಲಿ ಸಿಕ್ಕ ದಾಖಲೆಯ ಸಂಖ್ಯೆಯೂ ಮರ್ಸೆನ್ ಅವಿಭಾಜ್ಯವೇ. ಅದರ ಘಾತಾಂಕ 136279841, ಅಂಕಿಗಳು 4,10,24,320.

ಪರಿಪೂರ್ಣ ಸಂಖ್ಯೆಯ ನಂಟು

6ನ್ನು ಭಾಗಿಸುವ, ಅದಕ್ಕಿಂತ ಚಿಕ್ಕ ಸಂಖ್ಯೆಗಳು 1, 2, 3. ಕೂಡಿಸಿದರೆ 6. ಹಾಗೆಯೇ 28 = 1 + 2 + 4 + 7 + 14. ಇಂತಹವನ್ನು ಪರಿಪೂರ್ಣ ಸಂಖ್ಯೆಗಳು ಎನ್ನುತ್ತಾರೆ. ಪ್ರತಿ ಮರ್ಸೆನ್ ಅವಿಭಾಜ್ಯದಿಂದಲೂ ಒಂದು ಪರಿಪೂರ್ಣ ಸಂಖ್ಯೆ ಹುಟ್ಟುತ್ತದೆ ಎಂದು ಪ್ರಾಚೀನ ಗ್ರೀಸಿನ ಯೂಕ್ಲಿಡ್ ತೋರಿಸಿದ್ದರು. ಎಲ್ಲ ಸಮ ಪರಿಪೂರ್ಣ ಸಂಖ್ಯೆಗಳೂ ಹಾಗೆ ಹುಟ್ಟಿದವೇ ಎಂದು ಸಾಧಿಸಿದವರು ಆಯ್ಲರ್. 2147483647ನ್ನು 2³⁰ರಿಂದ ಗುಣಿಸಿದರೆ ಸಿಗುವ 2305843008139952128 ಎಂಟನೆಯ ಪರಿಪೂರ್ಣ ಸಂಖ್ಯೆ.

1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ ತಮ್ಮ ಪುಸ್ತಕದಲ್ಲಿ ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಕಂಡುಹಿಡಿಯಲಾರರು ಎಂದು ಬರೆದರು. ಇವೆಲ್ಲ ಕುತೂಹಲಕ್ಕಷ್ಟೇ, ಉಪಯೋಗವಿಲ್ಲ, ಹಾಗಾಗಿ ಯಾರೂ ಆ ಗೋಜಿಗೆ ಹೋಗುವುದಿಲ್ಲ ಎಂಬುದು ಅವರ ವಾದ. ಎರಡೂ ಮಾತು ಸುಳ್ಳಾದವು. 1876ರಲ್ಲಿ ಎದುವಾರ್ ಲ್ಯೂಕಾ 39 ಅಂಕಿಯ 2¹²⁷ − 1 ಅವಿಭಾಜ್ಯ ಎಂದು ತೋರಿಸಿದರು. ಅದರಿಂದ ಹುಟ್ಟುವ ಪರಿಪೂರ್ಣ ಸಂಖ್ಯೆ ಬಾರ್ಲೋ ಹೇಳಿದ್ದಕ್ಕಿಂತ ಎಷ್ಟೋ ದೊಡ್ಡದು. ಉಪಯೋಗದ ಮಾತು ಮುಂದೆ ಬರುತ್ತದೆ.

ಮರ್ಸೆನ್ ಸಂಖ್ಯೆಯೊಳಗೆ ಮರ್ಸೆನ್ ಸಂಖ್ಯೆ

ಇನ್ನೊಂದು ಅಪರೂಪದ ಗುಣವಿದೆ. ಇದರ ಘಾತಾಂಕ 31 ಕೂಡ ಮರ್ಸೆನ್ ಅವಿಭಾಜ್ಯವೇ, ಏಕೆಂದರೆ 31 = 2⁵ − 1. ಇಂತಹ ‘ಜೋಡಿ ಮರ್ಸೆನ್’ ಅವಿಭಾಜ್ಯಗಳು ಈವರೆಗೆ ಗೊತ್ತಿರುವುದು ನಾಲ್ಕೇ: 7, 127, 2147483647 ಮತ್ತು 2¹²⁷ − 1.

ಹಾಗಾದರೆ 2147483647ನ್ನೇ ಘಾತಾಂಕ ಮಾಡಿಕೊಂಡರೆ? 64 ಕೋಟಿಗೂ ಹೆಚ್ಚು ಅಂಕಿಗಳ ಸಂಖ್ಯೆ ಬರುತ್ತದೆ. ಅದು ಅವಿಭಾಜ್ಯವಲ್ಲ, 295257526626031 ಅದನ್ನು ಭಾಗಿಸುತ್ತದೆ. ಇಲ್ಲೂ ಆಯ್ಲರ್ ಬಳಸಿದ ನಿಯಮವೇ ಕಾಣುತ್ತದೆ. ಈ ಅಪವರ್ತನದಿಂದ 1 ಕಳೆದು 2147483647ರಿಂದ ಭಾಗಿಸಿದರೆ ಸರಿಯಾಗಿ 137490 ಬರುತ್ತದೆ.

ಅವಿಭಾಜ್ಯವಾಗಿರುವುದರಿಂದ ಆದ ಉಪಯೋಗ

ಕಂಪ್ಯೂಟರ್ ಆಟದಲ್ಲಿ ದಾಳ ಉರುಳಿಸಬೇಕು, ಹವಾಮಾನದ ಲೆಕ್ಕದಲ್ಲಿ ಅನಿಶ್ಚಿತತೆ ಸೇರಿಸಬೇಕು ಎಂದರೆ ಯಾವ ಕ್ರಮವೂ ಇಲ್ಲದಂತೆ ಕಾಣುವ ಸಂಖ್ಯೆಗಳು ಬೇಕು. ಇದಕ್ಕೆ ಅಮೆರಿಕದ ಡಿ. ಎಚ್. ಲೆಹ್ಮರ್ ಸೂಚಿಸಿದ ಹಳೆಯ ವಿಧಾನ ಬಹಳ ಸರಳ. ಒಂದು ಸಂಖ್ಯೆಯನ್ನು ನಿಗದಿತ ಗುಣಕದಿಂದ ಗುಣಿಸಿ, ಇನ್ನೊಂದು ನಿಗದಿತ ಸಂಖ್ಯೆಯಿಂದ ಭಾಗಿಸಿ, ಶೇಷವನ್ನು ಇಟ್ಟುಕೊಳ್ಳಿ. ಆ ಶೇಷಕ್ಕೆ ಮತ್ತೆ ಅದನ್ನೇ ಮಾಡಿ.

ಚಿಕ್ಕದಾಗಿ ನೋಡೋಣ. 3ರಿಂದ ಗುಣಿಸಿ 7ರಿಂದ ಭಾಗಿಸುತ್ತ ಹೋದರೆ ಶೇಷಗಳು 1, 3, 2, 6, 4, 5, ಮತ್ತೆ 1. ಒಂದರಿಂದ ಆರರವರೆಗಿನ ಎಲ್ಲ ಸಂಖ್ಯೆಗಳೂ ಒಂದೊಂದು ಸಲ ಬಂದವು. 7ರ ಬದಲು 8 ಹಾಕಿದರೆ 1, 3, 1, 3. ಸುತ್ತು ಎರಡಕ್ಕೇ ಮುಗಿಯಿತು. ಭಾಜಕ ಅವಿಭಾಜ್ಯವಾಗಿದ್ದರೆ ಎಲ್ಲ ಶೇಷಗಳನ್ನೂ ಮುಟ್ಟಿಬರುವ ಗುಣಕ ಇದ್ದೇ ಇರುತ್ತದೆ, ಸಂಯುಕ್ತ ಸಂಖ್ಯೆಯಾಗಿದ್ದರೆ ಹಾಗಾಗುವುದಿಲ್ಲ.

2147483647ಕ್ಕೆ ಹೊಂದುವ ಅಂತಹ ಒಂದು ಗುಣಕ 16807, ಅಂದರೆ 7⁵. 1ರಿಂದ ಹೊರಟರೆ 16807, 282475249, 1622650073... ಹೀಗೆ 2,14,74,83,646 ಸಂಖ್ಯೆಗಳನ್ನು ಮುಟ್ಟಿಯೇ ಸುತ್ತು ಮುಗಿಯುತ್ತದೆ. 1988ರಲ್ಲಿ ಸ್ಟೀಫನ್ ಪಾರ್ಕ್ ಮತ್ತು ಕೀತ್ ಮಿಲ್ಲರ್ ಇದನ್ನು ಕನಿಷ್ಠ ಮಾನದಂಡವಾಗಿ ಶಿಫಾರಸು ಮಾಡಿದರು. ಸಿ++ ಭಾಷೆಯಲ್ಲಿ ಇದು ಇಂದಿಗೂ ಲಭ್ಯ. ಆದರೆ ಪಾಸ್‌ವರ್ಡ್, ಓಟಿಪಿಗಳಂತಹ ಭದ್ರತೆಯ ಕೆಲಸಕ್ಕೆ ಇದು ತಕ್ಕದ್ದಲ್ಲ. ಒಂದು ಸಂಖ್ಯೆ ಸಿಕ್ಕರೆ ಮುಂದಿನದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು.

‘ಅವಿಭಾಜ್ಯ ಎಂದೇ ಕಂಪ್ಯೂಟರಿಗೆ ಆರಿಸಿದ್ದಾರೆ’ ಎಂಬುದು ನಿಜವೇ?

ಅಲ್ಲ. ಬಹಳಷ್ಟು ಕಂಪ್ಯೂಟರ್ ಪ್ರೋಗ್ರಾಂಗಳು ಒಂದು ಪೂರ್ಣಾಂಕಕ್ಕೆ 32 ಬಿಟ್ ಜಾಗ ಕೊಡುತ್ತವೆ. ಒಂದು ಬಿಟ್ ಎಂದರೆ 0 ಅಥವಾ 1 ಇಡಬಹುದಾದ ಒಂದು ಮನೆ. ಅದರಲ್ಲಿ ಒಂದು ಮನೆ ಧನವೋ ಋಣವೋ ಎಂದು ಗುರುತಿಸಲು ಹೋಗುತ್ತದೆ. ಉಳಿದ 31 ಮನೆಗಳಲ್ಲೂ 1 ತುಂಬಿದರೆ ಸಿಗುವ ಅತಿದೊಡ್ಡ ಸಂಖ್ಯೆ 2147483647. ಇಲ್ಲಿ ಬೇಕಾಗಿರುವುದು ‘ಎಲ್ಲವೂ ಒಂದು’ ಎಂಬ ಸ್ವರೂಪ ಮಾತ್ರ, ಅವಿಭಾಜ್ಯತೆ ಅಲ್ಲ.

ಇದನ್ನು ಪರೀಕ್ಷಿಸುವುದು ಸುಲಭ. 8 ಬಿಟ್‌ನ ಮಿತಿ 127, ಅದು ಅವಿಭಾಜ್ಯ. 16 ಬಿಟ್‌ನ ಮಿತಿ 32767 = 7 × 31 × 151, ಅವಿಭಾಜ್ಯವಲ್ಲ. 32 ಬಿಟ್‌ನದು ಅವಿಭಾಜ್ಯ. 64 ಬಿಟ್‌ನ ಮಿತಿ 9223372036854775807, ಇದು 7ರಿಂದಲೇ ಭಾಗವಾಗುತ್ತದೆ. ಘಾತಾಂಕ 63ನ್ನು 3ರಿಂದ ಭಾಗಿಸಬಹುದಲ್ಲ, ಅದಕ್ಕೆ. 16 ಮತ್ತು 64 ಬಿಟ್‌ನ ಮಿತಿಗಳು ಅವಿಭಾಜ್ಯಗಳಲ್ಲದಿದ್ದರೂ ಕಂಪ್ಯೂಟರುಗಳು ಚೆನ್ನಾಗಿಯೇ ನಡೆಯುತ್ತಿವೆ.

ನಮ್ಮ ಪಟ್ಟಿಯಲ್ಲಿ ಆದದ್ದು

ಈಗ ಮೊಬೈಲ್ ನಂಬರಿನ ಒಗಟು ಬಿಡಿಸಬಹುದು. ಭಾರತದ ಮೊಬೈಲ್ ನಂಬರುಗಳು ಹತ್ತು ಅಂಕಿಯವು, 6, 7, 8 ಅಥವಾ 9ರಿಂದ ಶುರುವಾಗುತ್ತವೆ. ಅಂದರೆ ಎಲ್ಲವೂ 600 ಕೋಟಿ ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆಗಳು. ನಮ್ಮ ಪಟ್ಟಿಯನ್ನು ವಿನ್ಯಾಸ ಮಾಡಿದವರು ನಂಬರಿಗೆ 32 ಬಿಟ್‌ನ ಪೂರ್ಣಾಂಕದ ಜಾಗ ಇಟ್ಟಿದ್ದರು. ಅಲ್ಲಿ ಹಿಡಿಯುವುದು 214 ಕೋಟಿ ಚಿಲ್ಲರೆ ಮಾತ್ರ. ಕೆಲವು ಡೇಟಾಬೇಸ್‌ಗಳು, ಕಟ್ಟುನಿಟ್ಟಿನ ತಪಾಸಣೆ ಚಾಲೂ ಇಲ್ಲದಿದ್ದರೆ, ಹಿಡಿಯದ ಸಂಖ್ಯೆ ಬಂದಾಗ ತಮ್ಮಲ್ಲಿ ಹಿಡಿಯುವ ಅತಿದೊಡ್ಡ ಸಂಖ್ಯೆಯನ್ನು ಬರೆದುಕೊಂಡು ಮುಂದೆ ಹೋಗುತ್ತವೆ. ಆದ್ದರಿಂದ ಯಾರ ನಂಬರು ಕೊಟ್ಟರೂ 2147483647. ಮೂಲ ನಂಬರುಗಳು ಅಳಿಸಿಹೋಗಿದ್ದವು. ಕಾಗದದ ಫಾರಂಗಳನ್ನು ಎಸೆದಿರಲಿಲ್ಲವಾದ್ದರಿಂದ ಮತ್ತೆ ತುಂಬಿದೆವು. ಆ ಹುಡುಗನ ಕ್ಷಮೆಯನ್ನೂ ಕೇಳಿದೆವು.

ನೀವು ಸಂಘ, ಶಾಲೆ, ಆಸ್ಪತ್ರೆಗಾಗಿ ಇಂತಹ ಪಟ್ಟಿ ಮಾಡುತ್ತಿದ್ದರೆ ಒಂದು ಮಾತು ನೆನಪಿಡಿ. ಫೋನ್ ನಂಬರ್, ಆಧಾರ್ ಸಂಖ್ಯೆ, ಪಿನ್ ಕೋಡ್ ಇವುಗಳನ್ನು ನಾವು ಕೂಡಿಸುವುದೂ ಇಲ್ಲ, ಗುಣಿಸುವುದೂ ಇಲ್ಲ. ಅವುಗಳನ್ನು ಸಂಖ್ಯೆಯಾಗಿ ಅಲ್ಲ, ಪಠ್ಯವಾಗಿ ದಾಖಲಿಸಬೇಕು.

ಯೂಟ್ಯೂಬ್ ಮತ್ತು 2038

2014ರ ಡಿಸೆಂಬರಿನಲ್ಲಿ ಕೊರಿಯಾದ ‘ಗಂಗ್ನಮ್ ಸ್ಟೈಲ್’ ಹಾಡಿನ ವೀಕ್ಷಣೆಗಳು ಈ ಮಿತಿ ದಾಟಿದಾಗ, ತನ್ನ ಎಣಿಕೆಯನ್ನು 64 ಬಿಟ್‌ಗೆ ಏರಿಸಿರುವುದಾಗಿ ಯೂಟ್ಯೂಬ್ ತಿಳಿಸಿತು. ಹಾಡಿನಿಂದ ಯೂಟ್ಯೂಬ್ ‘ಕೆಟ್ಟುಹೋಯಿತು’ ಎಂಬ ಸುದ್ದಿ ಹರಡಿದರೂ ಅದು ಕೆಟ್ಟಿರಲಿಲ್ಲ.

ಇದಕ್ಕಿಂತ ಗಂಭೀರವಾದದ್ದು ಸಮಯದ ಲೆಕ್ಕ. ಅನೇಕ ವ್ಯವಸ್ಥೆಗಳು 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಕಳೆಯಿತು ಎಂದು ಎಣಿಸುತ್ತವೆ. ಆ ಎಣಿಕೆಗೆ 32 ಬಿಟ್ ಮಾತ್ರ ಇದ್ದರೆ ಅದು 2038ರ ಜನವರಿ 19ರಂದು, ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ 2147483647 ಮುಟ್ಟುತ್ತದೆ. ಮುಂದಿನ ಸೆಕೆಂಡಿಗೆ 31 ಒಂದುಗಳೂ ಸೊನ್ನೆಯಾಗಿ, ಕೈಗೂಡಿದ 1 ಚಿಹ್ನೆಯ ಮನೆಗೆ ಹೋಗುತ್ತದೆ. ಸಂಖ್ಯೆ ಋಣವಾಗಿ, ಗಡಿಯಾರ 1901ರ ಡಿಸೆಂಬರಿಗೆ ಜಿಗಿಯುತ್ತದೆ.

ಹಾಗೆಂದು 2038ರಲ್ಲಿ ಎಲ್ಲ ಫೋನುಗಳೂ ನಿಲ್ಲುತ್ತವೆ, ಬ್ಯಾಂಕಿನ ಹಣ ಮಾಯವಾಗುತ್ತದೆ ಎಂಬ ಸಂದೇಶಗಳನ್ನು ನಂಬಬೇಡಿ. ಇಂದಿನ 64 ಬಿಟ್ ವ್ಯವಸ್ಥೆಗಳು ಸಮಯವನ್ನು ದೊಡ್ಡ ಜಾಗದಲ್ಲಿ ಎಣಿಸುತ್ತವೆ. 32 ಬಿಟ್ ಯಂತ್ರಗಳಿಗೂ 2020ರ ಲಿನಕ್ಸ್ 5.6 ಆವೃತ್ತಿಯಲ್ಲಿ ಪರಿಹಾರ ಬಂದಿದೆ. ಗಮನ ಬೇಕಾಗಿರುವುದು ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಹಳೆಯ ಉಪಕರಣಗಳಿಗೆ, ಕಾರ್ಖಾನೆಯ ನಿಯಂತ್ರಣ ಯಂತ್ರಗಳಿಗೆ ಮತ್ತು ಹಳೆಯ ಡೇಟಾಬೇಸ್‌ಗಳಿಗೆ. ದೀರ್ಘಾವಧಿಯ ಸಾಲ, ವಿಮೆಗಳ ಕೊನೆಯ ದಿನ 2038ರ ಆಚೆಗಿರುವುದರಿಂದ ಅಂತಹ ಲೆಕ್ಕ ಇಡುವವರು ಈಗಲೇ ಪರಿಶೀಲಿಸಬೇಕು.

ಒಟ್ಟಿನಲ್ಲಿ

2147483647ರ ಎರಡೂ ಖ್ಯಾತಿಗಳ ಮೂಲ 2³¹ − 1 ಎಂಬ ಸ್ವರೂಪ. ಕಂಪ್ಯೂಟರಿನ ಮಿತಿಗೆ ಆ ಸ್ವರೂಪವೊಂದೇ ಸಾಕು. ಅವಿಭಾಜ್ಯವಾಗಿರುವುದು ಅದರ ಮೇಲೆ ಸಿಕ್ಕ ಬೋನಸ್, ಪರಿಪೂರ್ಣ ಸಂಖ್ಯೆಗೂ ಲೆಹ್ಮರ್ ವಿಧಾನಕ್ಕೂ ಬೇಕಾದದ್ದು ಅದು. ಮುಂದೆ ಯಾವುದಾದರೂ ಪಟ್ಟಿಯಲ್ಲಿ, ಬಿಲ್ಲಿನಲ್ಲಿ ಅಥವಾ ಆ್ಯಪ್‌ನಲ್ಲಿ ಈ ಸಂಖ್ಯೆ ಕಂಡರೆ, ಟೈಪ್ ಮಾಡಿದವರನ್ನು ಬೈಯುವ ಮೊದಲು ಆ ಮಾಹಿತಿಗೆ ಎಷ್ಟು ಜಾಗ ಇಟ್ಟಿದ್ದಾರೆ ಎಂದು ನೋಡಿ.